ಮರದ ರಿಮೋಟ್ ಹಡಗು: ಕಟ್ಟುವುದು ಹೇಗೆ, ನೀರು ಬರದಂತೆ ಮಾಡುವುದು ಹೇಗೆ

ಮರದ ರಿಮೋಟ್ ಹಡಗು ಕಟ್ಟುವವರು ಹೆಚ್ಚಾಗಿ ಹೊರಗಿನ ಬಣ್ಣದ ಮೇಲೆ ಪ್ರಾಣ ಇಟ್ಟಿರುತ್ತಾರೆ. ನೀರನ್ನು ತಡೆಯುವುದು ಆ ಬಣ್ಣವೇ ಎಂಬ ನಂಬಿಕೆ. ಆದರೆ ನೀರು ಮೊದಲು ಒಳಗೆ ಬರುವುದು ಬೇರೆ ದಾರಿಯಲ್ಲಿ: ಪ್ರೊಪೆಲ್ಲರ್ ತಿರುಗಿಸುವ ಕಡ್ಡಿಯ (ಶಾಫ್ಟಿನ) ಕೊಳವೆ, ಚುಕ್ಕಾಣಿಯ ತೂತು, ಡೆಕ್ಕಿನ (ಹಡಗಿನ ಮೇಲ್ಹಾಸಿನ) ಮುಚ್ಚಳ. ಹಾಗೆ ಬಂದ ನಾಲ್ಕು ಹನಿ ಒಳಗಿನ ಬರಿ ಮರಕ್ಕೆ ಸಿಕ್ಕಿತೋ, ಮರ ಉಬ್ಬುತ್ತದೆ. ಪಟ್ಟಿಗಳ ಜೋಡಣೆ ಬಿಡುತ್ತದೆ. ಹೊರಗಿನ ಬಣ್ಣ ಕೂದಲೆಳೆಯಷ್ಟು ಸೀಳುತ್ತದೆ. ದೊಡ್ಡ ಸೋರಿಕೆ ಶುರುವಾಗುವುದು ಅಲ್ಲಿಂದ. ಆದ್ದರಿಂದ ಇಲ್ಲಿ ಒಳಗಿನ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇದು ಇನ್ನೂ ಮುಖ್ಯ. ಬೇಸಿಗೆಯ ಒಣ ಬಿಸಿಲಿಗೆ ಮರ ಚೆನ್ನಾಗಿ ಒಣಗಿ ಕುಗ್ಗಿರುತ್ತದೆ. ಅದೇ ಮರಕ್ಕೆ ಮಳೆಗಾಲದ ತೇವ ತಗುಲಿದರೆ ಹಿಗ್ಗುತ್ತದೆ. ಮರದ ಎರಡೂ ಮೈಯನ್ನು ಮುಚ್ಚಿಬಿಟ್ಟರೆ ಈ ಹಿಗ್ಗುವ ಕುಗ್ಗುವ ಆಟ ಬಹುಪಾಲು ನಿಲ್ಲುತ್ತದೆ. ಒಂದೇ ಮೈ ಮುಚ್ಚಿದರೆ ನಿಲ್ಲುವುದಿಲ್ಲ.

ಯಾವ ಹಡಗು, ಎಷ್ಟು ತೂಕ

ಮೊದಲ ಹಡಗಿಗೆ ಟಗ್ ಆರಿಸಿಕೊಳ್ಳಿ. ಬಂದರಿನಲ್ಲಿ ದೊಡ್ಡ ಹಡಗನ್ನು ದಕ್ಕೆಗೆ ತಳ್ಳಿ ಎಳೆದು ಸೇರಿಸುವ ಗಿಡ್ಡ, ಅಗಲ ಹಡಗು. ಯುದ್ಧನೌಕೆ ನೋಡಲು ಚೆಂದ, ನಿಜ. ಆದರೆ ಅದು ಸಪೂರ. ಮೇಲೆ ಸ್ವಲ್ಪ ಭಾರ ಹೆಚ್ಚಾದರೂ ವಾಲುತ್ತದೆ. ಟಗ್ಗಿನ ಹೊಟ್ಟೆ ಅಗಲ, ಒಳಗೆ ಕೈ ಆಡುತ್ತದೆ, ಬ್ಯಾಟರಿಗೂ ಜಾಗ ಇರುತ್ತದೆ.

30 ಮೀಟರ್ ಉದ್ದದ ಟಗ್ಗನ್ನು 1:40 ಅಳತೆಗೆ ಇಳಿಸಿದರೆ 75 ಸೆಂ.ಮೀ. ಉದ್ದ ಬರುತ್ತದೆ. ಅಗಲ 22 ಸೆಂ.ಮೀ., ನೀರಿನೊಳಗೆ ಮುಳುಗುವ ಆಳ 7 ಸೆಂ.ಮೀ. ಇಟ್ಟುಕೊಳ್ಳೋಣ. ಮರ ಕೊಯ್ಯುವ ಮೊದಲೇ ತೂಕದ ಲೆಕ್ಕ ಹಾಕಿ. ಉದ್ದ, ಅಗಲ, ಆಳ ಗುಣಿಸಿ. 75 × 22 × 7, ಅಂದರೆ 11,550 ಘನ ಸೆಂ.ಮೀ. ಹಡಗು ಪೆಟ್ಟಿಗೆಯಂತೆ ಚೌಕ ಇರುವುದಿಲ್ಲ, ಮುಂದೆ ಹಿಂದೆ ಚೂಪಾಗುತ್ತದೆ. ಟಗ್ಗಿಗೆ ಅಂದಾಜು 0.55ರಿಂದ ಗುಣಿಸಿದರೆ ಸುಮಾರು 6,350 ಘನ ಸೆಂ.ಮೀ. ಅಷ್ಟು ನೀರಿನ ತೂಕ 6.3 ಕೆ.ಜಿ. ಹಡಗು ಸರಿಯಾದ ನೀರಿನ ಗೆರೆಗೆ, ಅಂದರೆ ನೀರು ಒಡಲನ್ನು ಮುಟ್ಟಬೇಕಾದ ಮಟ್ಟಕ್ಕೆ ಕೂರಬೇಕಾದರೆ ಮರ, ಮೋಟರ್, ಬ್ಯಾಟರಿ, ಬಣ್ಣ, ತಳದ ಭಾರ ಎಲ್ಲ ಸೇರಿ ಅಷ್ಟೇ ತೂಗಬೇಕು.

ಈ ಲೆಕ್ಕದಿಂದ ಒಂದು ಅನುಕೂಲ ಇದೆ. ಯುಪಿಎಸ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 7 ಆಂಪಿಯರ್-ಅವರ್ ಸೀಲ್ಡ್ ಸೀಸದ ಬ್ಯಾಟರಿ ಎರಡು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ತೂಗುತ್ತದೆ. ರಿಮೋಟ್ ವಿಮಾನಕ್ಕೆ ಅದು ಹೊರೆ. ಟಗ್ಗಿಗೆ ಅದೇ ತಳದ ಭಾರ. ದುಬಾರಿ ಲಿಥಿಯಂ ಬ್ಯಾಟರಿ ಬೇಕಾಗಿಲ್ಲ.

ವೇಗದ ಆಸೆಯನ್ನೂ ಇಲ್ಲೇ ಬಿಡಿ. ಮಾಡೆಲ್ ಹಡಗಿನ ವೇಗಕ್ಕೆ ನಿಜವಾದ ಹಡಗಿನ ವೇಗವನ್ನು ಅಳತೆಯ (ಇಲ್ಲಿ 40ರ) ವರ್ಗಮೂಲದಿಂದ ಭಾಗಿಸಿ ನೋಡುತ್ತಾರೆ. ನಿಜವಾದ ಟಗ್ 12 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಹೋದರೆ, ನಮ್ಮದು ಗಂಟೆಗೆ 3.5 ಕಿ.ಮೀ. ಹೋದರೆ ಸಾಕು. ದಡದ ಮೇಲೆ ನೀವು ನಿಧಾನಕ್ಕೆ ನಡೆಯುವ ವೇಗ ಅದು. ಆ ವೇಗದಲ್ಲಿ ಏಳುವ ಅಲೆಯೇ ನಿಜವಾದ ಹಡಗಿನ ಅಲೆಯಂತೆ ಕಾಣುತ್ತದೆ. ಹುಚ್ಚು ವೇಗದ ಮೋಟರ್ ಹಾಕಿದರೆ ಮೂತಿ ಎದ್ದು ಹಿಂಭಾಗ ನೀರು ಕುಡಿಯುತ್ತದೆ.

ಸಾಮಾನು

ಬಾಲ್ಸಾ ಮರಕ್ಕಾಗಿ ಹುಡುಕಬೇಡಿ. ಅದು ಮೆತ್ತಗೆ, ನೀರು ಹೀರುತ್ತದೆ, ಈ ಗಾತ್ರದ ಹಡಗಿಗೆ ಅಷ್ಟು ಹಗುರವೂ ಬೇಡ. ಫ್ರೇಮಿಗೆ (ಒಡಲಿಗೆ ಆಕಾರ ಕೊಡುವ ಅಡ್ಡ ಹಲಗೆಗಳಿಗೆ) ಪ್ಲೈವುಡ್ ತರುವಾಗ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 710 ಎಂದಿದ್ದರೆ ಅದು ಮೆರೀನ್ ಪ್ಲೈ, ಕುದಿಯುವ ನೀರಿಗೂ ಪದರ ಬಿಡದ ಅಂಟಿನದು. ಎಂಆರ್ ದರ್ಜೆಯದು ಅಗ್ಗ, ಆದರೆ ಅದು ಮನೆಯೊಳಗಿನ ಕಪಾಟಿಗೆ ಸರಿ. 4 ಮಿ.ಮೀ. ಫ್ರೇಮಿಗೆ, 6 ಮಿ.ಮೀ. ಮಧ್ಯದ ಬೆನ್ನುಹಲಗೆಗೆ. ಬಾಗಿಲು ಕಿಟಕಿ ಮಾಡುವ ಬಡಗಿಗಳ ಹತ್ತಿರ ಇಂಥ ತುಂಡುಗಳು ಉಳಿದಿರುತ್ತವೆ, ಕೇಳಿ ನೋಡಿ.

ಹೊರಪಟ್ಟಿಗೆ ಸಿಲ್ವರ್ ಓಕ್ ಅಥವಾ ಸಾಗವಾನಿ. 3 ಮಿ.ಮೀ. ದಪ್ಪ, 8 ಮಿ.ಮೀ. ಅಗಲಕ್ಕೆ ಸೀಳಿಕೊಡಲು ಸಾಮಿಲ್ಲಿನಲ್ಲೋ ಬೀಡಿಂಗ್ ಮಾಡುವವರ ಹತ್ತಿರವೋ ಹೇಳಿ. ಗಂಟು ಇಲ್ಲದ, ಎಳೆ ನೇರವಾಗಿರುವ ಮರವೇ ಆಗಬೇಕು. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ. ಅಂಟು ಹಾಕುವ ಸ್ವಲ್ಪ ಮುಂಚೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸದಿದ್ದರೆ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಎಂಬ ಎರಡನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ಹಿಡಿಯುವುದಿಲ್ಲ.

ಅಂಟಿನಲ್ಲಿ ಗೊಂದಲ ಬೇಡ. ಸಾಮಾನ್ಯ ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ. ಫೆವಿಕಾಲ್ ಮೆರೀನ್ ಪಟ್ಟಿಗಳ ನಡುವೆ ಹಾಕಲು ನಡೆಯುತ್ತದೆ. ಶಾಫ್ಟಿನ ಕೊಳವೆ, ಮೋಟರ್ ಕಟ್ಟೆಯಂಥ ಜಾಗಕ್ಕೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ನೀರಿನಲ್ಲಿ ಅಷ್ಟು ಬಾಳುವುದಿಲ್ಲ. ಮೈಗೆ ಬಳಿಯಲು ತೆಳು ಎಪಾಕ್ಸಿ ರೆಸಿನ್ ಬೇರೆ ತರಬೇಕು.

ಫೈಬರ್ ಕೆಲಸದವರ ಹತ್ತಿರ ಹೋದರೆ ಪಾಲಿಯೆಸ್ಟರ್ ರೆಸಿನ್ ಮತ್ತು ಚಾಪೆಯಂಥ ಮ್ಯಾಟ್ ಕೊಡುತ್ತಾರೆ. ಎರಡೂ ಬೇಡ. ಪಾಲಿಯೆಸ್ಟರ್ ಮರಕ್ಕೆ ಸರಿಯಾಗಿ ಕಚ್ಚುವುದಿಲ್ಲ, ಕಾಲ ಕಳೆದಂತೆ ಸಿಪ್ಪೆಯಾಗಿ ಏಳುತ್ತದೆ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಪುಡಿ ಪಾಲಿಯೆಸ್ಟರಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಅದು ಕರಗುವುದಿಲ್ಲ. ನೇಯ್ದ ಗ್ಲಾಸ್ ಬಟ್ಟೆಯನ್ನೇ ಕೇಳಿ. ಚದರ ಮೀಟರಿಗೆ 80ರಿಂದ 160 ಗ್ರಾಂ ಇರುವುದು ಸಾಕು.

ಒಡಲು ಕಟ್ಟುವುದು

ನಕ್ಷೆಯನ್ನು ಇಂಜಿನಿಯರುಗಳ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಯಲ್ಲಿ ಪೂರ್ತಿ ಗಾತ್ರಕ್ಕೆ ತೆಗೆಸಿ. ಮೂಲೆಯಲ್ಲಿ 10 ಸೆಂ.ಮೀ. ಗೆರೆ ಎಳೆದು ಕೊಡಿ. ಪ್ರಿಂಟ್ ಬಂದ ಮೇಲೆ ಅದನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಹಿಗ್ಗಿದ ಪ್ರಿಂಟಿನಿಂದ ಕೊಯ್ದ ಫ್ರೇಮುಗಳು ಒಂದಕ್ಕೊಂದು ಕೂರುವುದೇ ಇಲ್ಲ.

ಬೆನ್ನುಹಲಗೆಯನ್ನು ಸಪಾಟಾದ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಸುಮಾರು 7 ಸೆಂ.ಮೀ.ಗೆ ಒಂದರಂತೆ ಫ್ರೇಮ್ ಕೂರಿಸಿ. ಪ್ರತಿ ಫ್ರೇಮಿನ ತಳದಲ್ಲಿ, ಬೆನ್ನುಹಲಗೆಗೆ ತಾಗುವ ಎರಡೂ ಮೂಲೆಗಳನ್ನು ಕಡಲೆಕಾಳು ತೂರುವಷ್ಟು ಕತ್ತರಿಸಿಬಿಡಿ. ಮುಂದೆ ನೀರು ಬಂದರೆ ಅಲ್ಲಲ್ಲಿ ನಿಲ್ಲದೆ ಒಂದೇ ತಗ್ಗಿಗೆ ಹರಿದು ಬರುತ್ತದೆ. ಅಲ್ಲಿ ಸ್ಪಾಂಜ್ ಇಟ್ಟು ತೆಗೆಯಬಹುದು. ಡೆಕ್ ಮುಚ್ಚಿದ ಮೇಲೆ ಈ ತೂತು ಕೊರೆಯಲು ಆಗುವುದಿಲ್ಲ.

ಪಟ್ಟಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಫ್ರೇಮಿಗೆ ಬಾಗಿಸಿ ಕಟ್ಟಿ, ಹಾಗೇ ಒಣಗಲು ಬಿಡಿ. ಒಣಗಿದ ಮೇಲಷ್ಟೇ ಅಂಟು. ಕಟ್ಟಲು ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಹಿಡಿಕೆ ಇಲ್ಲ. ಎಡಕ್ಕೆ ಒಂದು ಪಟ್ಟಿ ಹಾಕಿದರೆ ಮುಂದಿನದು ಬಲಕ್ಕೆ. ಒಂದೇ ಕಡೆ ಹಾಕುತ್ತ ಹೋದರೆ ಒಡಲು ತಿರುಚಿಕೊಳ್ಳುತ್ತದೆ, ಆಮೇಲೆ ಹಡಗು ನೇರ ಓಡುವುದಿಲ್ಲ. ಮೂತಿಯ ಹತ್ತಿರ ಪಟ್ಟಿಗಳನ್ನು ಸಣ್ಣಗೆ ಕೀಸಿ ಕೂರಿಸಿ.

ಸಂದು ತುಂಬಲು ಗೋಡೆಯ ಪುಟ್ಟಿ ಬೇಡವೇ ಬೇಡ. ಅದು ನೀರು ಹೀರಿ ಬಿರಿಯುತ್ತದೆ. ಅದೇ ಮರವನ್ನು ಉಜ್ಜಿದಾಗ ಬಂದ ನಯವಾದ ಪುಡಿಯನ್ನು ಎಪಾಕ್ಸಿಗೆ ಕಲಸಿ ಚಟ್ನಿಯಷ್ಟು ಗಟ್ಟಿ ಮಾಡಿ ತುಂಬಿ.

ಶಾಫ್ಟ್ ಮತ್ತು ಚುಕ್ಕಾಣಿ

ಇಡೀ ಹಡಗಿನಲ್ಲಿ ಜಾಸ್ತಿ ತಾಳ್ಮೆ ಬೇಡುವ ಜಾಗ ಇದು. 4 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್, ಒಳಗಿನ ಅಳತೆ 6 ಮಿ.ಮೀ. ಇರುವ ಹಿತ್ತಾಳೆ ಕೊಳವೆ, ಎರಡೂ ತುದಿಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್, ಅಂದರೆ ಶಾಫ್ಟನ್ನು ಹಿಡಿದಿಡುವ ಬಳೆ. ಪಂಪ್ ರಿಪೇರಿಗೆ ಬುಷ್ ಹಾಕಿಕೊಡುವ ಲೇತ್ ಅಂಗಡಿಯವರಿಗೆ ಇದು ಗೊತ್ತಿರುವ ಕೆಲಸವೇ, ಗಾತ್ರ ಮಾತ್ರ ಚಿಕ್ಕದು. ಶಾಫ್ಟ್ ಬೆರಳಲ್ಲಿ ತಿರುವಿದರೆ ಸಲೀಸಾಗಿ ತಿರುಗಬೇಕು, ಅಡ್ಡಕ್ಕೆ ಅಲುಗಾಡಬಾರದು.

ನೀರನ್ನು ತಡೆಯುವುದು ಕೊಳವೆಯೊಳಗೆ ತುಂಬುವ ಗ್ರೀಸ್. ಒಳತುದಿ ನೀರಿನ ಗೆರೆಗಿಂತ ಮೇಲಿದ್ದರೆ ಬಹಳ ಒಳ್ಳೆಯದು. ಟಗ್ಗಿನಲ್ಲಿ ಅದು ಯಾವಾಗಲೂ ಆಗುವುದಿಲ್ಲ. ಆಗ ಕೊಳವೆಯ ಮಧ್ಯದಲ್ಲಿ ತೂತು ಕೊರೆದು ಒಂದು ಸಣ್ಣ ಹಿತ್ತಾಳೆ ನಳಿಕೆಯನ್ನು ನೆಟ್ಟಗೆ ಬೆಸುಗೆ ಹಾಕಿಸಿ. ಅದರ ಬಾಯಿ ನೀರಿನ ಗೆರೆಗಿಂತ ಮೇಲೆ ಬರಲಿ. ಅಲ್ಲಿಂದ ಸೂಜಿ ಇಲ್ಲದ ಸಿರಿಂಜಿನಲ್ಲಿ ಗ್ರೀಸ್ ತಳ್ಳಿ. ಪ್ರೊಪೆಲ್ಲರ್ ಕಡೆಯ ಬುಷ್ ಸುತ್ತ ಗ್ರೀಸ್ ತೆಳ್ಳಗೆ ಉಂಗುರದಂತೆ ಇಣುಕಿದರೆ ಕೊಳವೆ ತುಂಬಿದೆ ಎಂದರ್ಥ. ನೀರಿಗೆ ಕದಡದ ಮೆರೀನ್ ಗ್ರೀಸ್ ಒಳ್ಳೆಯದು. ಸಿಗದಿದ್ದರೆ ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸ್.

ಕೊಳವೆ ಅಂಟಿಸುವಾಗ ಮೂರು ಕೆಲಸ ಮರೆಯಬೇಡಿ. ಹಿತ್ತಾಳೆಯ ಹೊರಮೈಯನ್ನು ಒರಟು ಸ್ಯಾಂಡ್ ಪೇಪರಿನಲ್ಲಿ ಗೀರಿ ಹೊಳಪು ತೆಗೆಯಿರಿ, ನಯವಾದ ಹಿತ್ತಾಳೆಯಿಂದ ಎಪಾಕ್ಸಿ ಕಳಚಿಕೊಳ್ಳುತ್ತದೆ. ತುದಿಗಳಿಗೆ ಮೇಣ ಮೆತ್ತಿ, ಇಲ್ಲದಿದ್ದರೆ ಅಂಟು ಒಳಗೆ ನುಗ್ಗಿ ಶಾಫ್ಟನ್ನೇ ಹಿಡಿದುಬಿಡುತ್ತದೆ. ಮೋಟರ್ ಮತ್ತು ಶಾಫ್ಟನ್ನು ಒಂದು ಗಟ್ಟಿ ನಳಿಕೆಯಿಂದ ಜೋಡಿಸಿ, ಎರಡೂ ಒಂದೇ ಗೆರೆಯಲ್ಲಿ ಇರುವಾಗಲೇ ಮೋಟರಿನ ಕಟ್ಟೆಯನ್ನೂ ಕೊಳವೆಯನ್ನೂ ಒಟ್ಟಿಗೆ ಅಂಟಿಸಿ. ಗಟ್ಟಿಯಾದ ಮೇಲೆ ಆ ನಳಿಕೆ ತೆಗೆದು ಯೂನಿವರ್ಸಲ್ ಜಾಯಿಂಟ್ (ಸ್ವಲ್ಪ ಬಾಗಿದರೂ ತಿರುಗುವ ಜೋಡಣೆ) ಹಾಕಿ. ಗೆರೆ ತಪ್ಪಿದರೆ ಬುಷ್ ಒಂದೇ ಕಡೆ ಸವೆಯುತ್ತದೆ, ಸವೆದ ಸಂದಿನಲ್ಲಿ ನೀರು ಬರುತ್ತದೆ.

ಚುಕ್ಕಾಣಿ ಸುಲಭ. ಅದರ ಕಡ್ಡಿ ಹಾಯುವ ಹಿತ್ತಾಳೆ ನಳಿಕೆಯನ್ನು ನೀರಿನ ಗೆರೆಗಿಂತ ಎರಡು ಮೂರು ಸೆಂ.ಮೀ. ಮೇಲಕ್ಕೆ ಒಯ್ಯಿರಿ. ಒಳಗೆ ಸ್ವಲ್ಪ ಗ್ರೀಸ್. ಅಷ್ಟೇ.

ಒಳಗಿನ ಕೋಟ್

ಡೆಕ್ ಮುಚ್ಚುವ ಮುಂಚೆ ಒಳಗಿನ ಮರದ ಪ್ರತಿ ಚದರ ಅಂಗುಲಕ್ಕೂ ಎಪಾಕ್ಸಿ ಬೀಳಬೇಕು. ಫ್ರೇಮಿನ ಎರಡೂ ಮೈ, ನೀರು ಹರಿಯಲು ಕತ್ತರಿಸಿದ ಮೂಲೆಗಳು, ಮೂತಿಯ ಕತ್ತಲ ಸಂದು, ಡೆಕ್ ಹಲಗೆಯ ಕೆಳಮೈ. ಪ್ಲೈವುಡ್ಡಿನ ಕೊಯ್ದ ಅಂಚನ್ನು ವಿಶೇಷವಾಗಿ ನೋಡಿ. ಅಡ್ಡ ಎಳೆಗಳು ಅಲ್ಲಿ ಬಾಯಿ ತೆರೆದಿರುತ್ತವೆ, ಹೀರಿದಷ್ಟೂ ಕುಡಿಸಿ.

ಎಪಾಕ್ಸಿಯನ್ನು ಅಳೆಯಲು ಕಣ್ಣಂದಾಜು ಬೇಡ. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡು, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಜಾಸ್ತಿ ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ತೆಳುವಾಗಲಿ ಎಂದು ಥಿನ್ನರ್ ಕೂಡ ಬೆರೆಸಬೇಡಿ. ಥಿನ್ನರ್ ಆರಿಹೋಗುವಾಗ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ. ನಮ್ಮ ಊರಿನ ಸೆಕೆಗೆ ಎಪಾಕ್ಸಿ ತಾನಾಗಿಯೇ ತೆಳ್ಳಗೆ ಹರಿಯುತ್ತದೆ.

ಆ ಸೆಕೆಯೇ ಇನ್ನೊಂದು ಕಡೆ ತೊಂದರೆ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಎಪಾಕ್ಸಿ ಕೈಗೆ ಸಿಗುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 25 ಡಿಗ್ರಿಯಲ್ಲಿ 30 ನಿಮಿಷ ಸಿಗುವುದು ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಕಾಲು ಗಂಟೆಯೂ ಸಿಗುವುದಿಲ್ಲ. ಲೋಟದಲ್ಲಿ ತುಂಬಾ ಕಲಸಿಟ್ಟರೆ ತನ್ನದೇ ಶಾಖಕ್ಕೆ ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ.

ಹೊತ್ತಿನ ಆಯ್ಕೆಗೆ ಇನ್ನೂ ಒಂದು ಕಾರಣ ಇದೆ. ಬೆಳಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಕೋಟಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಏಳುತ್ತವೆ. ಒಡೆದ ಪ್ರತಿ ಗುಳ್ಳೆಯೂ ಒಂದು ತೂತು. ಸಂಜೆ, ಹವೆ ತಣ್ಣಗಾಗುತ್ತಿರುವಾಗ ಬಳಿದರೆ ಮರ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಜೊತೆಗೆ ಎಪಾಕ್ಸಿಯನ್ನೂ. ಎರಡು ಕೋಟ್ ಸಾಕು. ಕೈಗೆ ಗ್ಲೌಸ್ ಕಡ್ಡಾಯ. ಎಪಾಕ್ಸಿ ಚರ್ಮಕ್ಕೆ ಒಮ್ಮೆ ಅಲರ್ಜಿ ತಂದರೆ ಜೀವನಪೂರ್ತಿ ಬಿಡುವುದಿಲ್ಲ.

ಹೊರಮೈ

ಹರಿಹರದ ಕಡೆ ತುಂಗಭದ್ರೆಯಲ್ಲಿ ಓಡುವ ಹರಿಗೋಲನ್ನು ನೋಡಿದ್ದೀರಲ್ವಾ? ಬಿದಿರಿನ ಹೆಣಿಗೆ ಬಲ ಕೊಡುತ್ತದೆ, ಮೇಲಿನ ಹೊದಿಕೆಗೆ ಬಳಿದ ಡಾಂಬರು ನೀರು ತಡೆಯುತ್ತದೆ. ನಮ್ಮ ಹಡಗಿಗೂ ಅದೇ ಸೂತ್ರ. ಮರ ಆಕಾರ ಕೊಡುತ್ತದೆ, ಗ್ಲಾಸ್ ಬಟ್ಟೆ ಮರವನ್ನು ಬಿರಿಯದಂತೆ ಹಿಡಿಯುತ್ತದೆ, ಎಪಾಕ್ಸಿ ನೀರನ್ನು ಹೊರಗಿಡುತ್ತದೆ.

120, ಆಮೇಲೆ 220 ನಂಬರ್ ಕಾಗದದಲ್ಲಿ ಉಜ್ಜಿ, ಧೂಳು ಪೂರ್ತಿ ಒರೆಸಿ. ಒಣ ಬಟ್ಟೆಯನ್ನು ತಲೆಕೆಳಗಾದ ಒಡಲಿನ ಮೇಲೆ ಹೊದಿಸಿ, ಸುಕ್ಕನ್ನು ಅಂಗೈಯಿಂದ ಅಂಚಿನ ಕಡೆ ತಳ್ಳಿ. ಎಪಾಕ್ಸಿಯನ್ನು ಮಧ್ಯಕ್ಕೆ ಸುರಿದು, ಹಳೆಯ ಎಟಿಎಂ ಕಾರ್ಡಿನಿಂದ ಹೊರಕ್ಕೆ ಎಳೆಯುತ್ತ ಬನ್ನಿ. ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ ಕೆಳಗಿನ ಮರದ ಎಳೆ ಹೊಳೆಯತೊಡಗುತ್ತದೆ. ಎಲ್ಲಿ ಬಿಳಿ ಮಚ್ಚೆ ಉಳಿಯಿತೋ ಅಲ್ಲಿ ಗಾಳಿ ಇದೆ, ಇನ್ನಷ್ಟು ಕುಡಿಸಿ. ನೇಯ್ಗೆಯ ಉಬ್ಬುತಗ್ಗು ಕಾಣುವಷ್ಟು ತೆಳ್ಳಗೇ ಬಿಡಿ.

ಹೆಬ್ಬೆರಳು ಒತ್ತಿದರೆ ಅಂಟಂಟಾಗಿ, ಆದರೆ ಬೆರಳಿಗೆ ಹತ್ತದ ಹದಕ್ಕೆ ಬಂದಾಗ ಎರಡನೇ ಕೋಟ್ ಬಳಿಯಿರಿ. ಆ ಹದದಲ್ಲಿ ಎರಡೂ ಪದರ ಒಂದಾಗುತ್ತವೆ, ಉಜ್ಜುವ ಕೆಲಸ ತಪ್ಪುತ್ತದೆ. ಹದ ತಪ್ಪಿ ಗಟ್ಟಿಯಾಗಿದ್ದರೆ ಮೊದಲು ಸೋಪಿನ ನೀರಿನಲ್ಲಿ ತೊಳೆದು, ಆಮೇಲೆ ಉಜ್ಜಿ, ಆಮೇಲೆ ಬಳಿಯಿರಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ತೊಳೆಯದೆ ಹಚ್ಚಿದ ಬಣ್ಣ ಎದ್ದು ಬರುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿ.

ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಹಳದಿಯಾಗಿ ಪುಡಿ ಏಳುತ್ತದೆ. ಅದಕ್ಕೆ ಮೇಲೊಂದು ಬಣ್ಣ ಬೇಕೇ ಬೇಕು. ಕಾರಿಗೆ ಹಚ್ಚುವ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ ಗಟ್ಟಿಯಾಗಿ ಬಾಳುತ್ತದೆ. ಕಡು ಕಪ್ಪು ಮಾತ್ರ ನನಗೆ ಇಷ್ಟವಿಲ್ಲ. ಮನೆಯ ಹವೆಯಲ್ಲೇ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯ ಹೊತ್ತಿಗೆ ಮೆತ್ತಗಾಗತೊಡಗುತ್ತದೆ, ನಮ್ಮ ಬಿಸಿಲಿಗೆ ಕಪ್ಪು ಮೈ ಅಷ್ಟು ಕಾಯುತ್ತದೆ. ಯಾವ ಬಣ್ಣವಾದರೂ ಗಾಜು ಏರಿಸಿದ ಕಾರಿನಲ್ಲಿ ಹಡಗನ್ನು ಬಿಟ್ಟು ಹೋಗಬೇಡಿ.

ಮುಚ್ಚಳ, ವಿದ್ಯುತ್ತು

ಡೆಕ್ಕಿನ ಬಾಯಿಯ ಸುತ್ತ 10 ಮಿ.ಮೀ. ಎತ್ತರದ ಕಟ್ಟೆ ಕಟ್ಟಿ, ಮೇಲಿನ ಕ್ಯಾಬಿನ್ ಅದರ ಮೇಲೆ ಟೋಪಿಯಂತೆ ಕೂರುವಂತೆ ಮಾಡಿ. ಡೆಕ್ ಮೇಲೆ ಹರಿದ ನೀರು ಕಟ್ಟೆಗೆ ಬಡಿದು ಪಕ್ಕಕ್ಕೆ ಹೋಗುತ್ತದೆ. ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು.

12 ವೋಲ್ಟಿನ ನಿಧಾನ ತಿರುಗುವ ಬ್ರಷ್ ಮೋಟರ್, ಅದರ ವೇಗ ಹೊಂದಿಸಿ ಹಿಂದಕ್ಕೂ ಓಡಿಸುವ ಬ್ರಷ್ಡ್ ಸ್ಪೀಡ್ ಕಂಟ್ರೋಲರ್, ಚುಕ್ಕಾಣಿಗೆ ಒಂದು ಸರ್ವೋ (ರಿಮೋಟ್ ಹೇಳಿದಷ್ಟೇ ತಿರುಗುವ ಪುಟ್ಟ ಮೋಟರ್) ಬೇಕು. ಕಂಟ್ರೋಲರ್ 12 ವೋಲ್ಟಿನ ಸೀಸದ ಬ್ಯಾಟರಿಗೆ ನಡೆಯುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿ. ಪೂರ್ತಿ ಚಾರ್ಜ್ ಆದಾಗ ಅದು 12.7 ವೋಲ್ಟಿನ ಆಸುಪಾಸು ಇರುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಕಾರಿನ ಫ್ಯೂಸ್ ಹಾಕಿ. ಪ್ರೊಪೆಲ್ಲರಿಗೆ ಜೊಂಡು ಸುತ್ತಿ ಮೋಟರ್ ನಿಂತರೆ ವೈರ್ ಸುಡುವ ಮೊದಲು ಫ್ಯೂಸ್ ಹೋಗಲಿ.

ರಿಮೋಟ್ ಕಳಿಸುವ 2.4 ಗಿಗಾಹರ್ಟ್ಸ್ ಅಲೆಗಳು ನೀರಿನಲ್ಲಿ ಸಾಗುವುದಿಲ್ಲ. ಆ ಅಲೆ ಹಿಡಿಯುವ ರಿಸೀವರಿನ ಆಂಟೆನಾ ನೀರಿನ ಗೆರೆಗಿಂತ ಮೇಲೆ, ಸಾಧ್ಯವಾದರೆ ಕ್ಯಾಬಿನ್ ಒಳಗೆ ಇರಲಿ. ರಿಸೀವರನ್ನು ಒಂದು ಬಲೂನಿಗೆ ಹಾಕಿ, ವೈರ್ ಹೊರಬರುವ ಬಾಯಿಯನ್ನು ಬಿಗಿಯಾಗಿ ಕಟ್ಟಿ. ಫೇಲ್‌ಸೇಫ್, ಅಂದರೆ ರಿಮೋಟಿನ ಸಂಪರ್ಕ ತಪ್ಪಿದರೆ ಮೋಟರ್ ನಿಲ್ಲುವ ವ್ಯವಸ್ಥೆ, ಹೊಂದಿಸುವುದನ್ನು ಮಾತ್ರ ಬಿಡಬೇಡಿ. ಹಡಗು ಸ್ಟ್ಯಾಂಡಿನ ಮೇಲಿರುವಾಗ ಪ್ರೊಪೆಲ್ಲರ್ ತಿರುಗಿಸಿ, ಕೈಯಲ್ಲಿರುವ ರಿಮೋಟ್ ಆಫ್ ಮಾಡಿ ನೋಡಿ. ಪ್ರೊಪೆಲ್ಲರ್ ತಾನಾಗಿ ನಿಲ್ಲಬೇಕು.

ಮೂತಿಯಲ್ಲೂ ಹಿಂಭಾಗದಲ್ಲೂ ಖಾಲಿ ಜಾಗಕ್ಕೆಲ್ಲ ಥರ್ಮಾಕೋಲ್ ತುಂಬಿ. ಬಿಗಿಯಾಗಿ ಕೂರಲಿ. ಸಾಕಷ್ಟು ತುಂಬಿದ್ದರೆ, ನೀರು ನುಗ್ಗಿದರೂ ಹಡಗಿನ ಒಂದು ತುದಿಯಾದರೂ ಮೇಲೆ ಕಾಣುತ್ತದೆ.

ತೊಟ್ಟಿಯಲ್ಲಿ ಪರೀಕ್ಷೆ

ಕೆರೆಗೆ ಮೊದಲು ತೊಟ್ಟಿ. ದನಕ್ಕೆ ನೀರಿಡುವ ಸಿಮೆಂಟ್ ಬಾನಿ ಸಿಕ್ಕರೆ ಅದೇ ಸಾಕು. ಒಳಗೆ ಶಾಫ್ಟ್, ಚುಕ್ಕಾಣಿ, ಮೂತಿಯ ಹತ್ತಿರ ಟಿಶ್ಯೂ ಕಾಗದ ಹರಡಿ, ಹಡಗನ್ನು ಒಂದು ಗಂಟೆ ತೇಲಿಬಿಡಿ. ಎಲ್ಲಿ ಕಾಗದ ಒದ್ದೆಯಾಗುತ್ತದೋ ಸೋರಿಕೆ ಅಲ್ಲೇ. ಆಮೇಲೆ ಮೋಟರ್ ಓಡಿಸಿ ಇನ್ನೊಮ್ಮೆ ನೋಡಿ, ಕೆಲವು ಬುಷ್‌ಗಳು ತಿರುಗುವಾಗ ಮಾತ್ರ ನೀರು ಬಿಡುತ್ತವೆ.

ಹಡಗು ನೀರಿನ ಗೆರೆ ಮುಟ್ಟದೆ ಮೇಲೆ ತೇಲುತ್ತಿದ್ದರೆ ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ತೂಕದ ತುಂಡುಗಳನ್ನು ತಳದ ಮಧ್ಯಗೆರೆಯಲ್ಲಿ ಇಡುತ್ತ ಬನ್ನಿ. ಸೀಸದ್ದಾದರೆ ಕೈ ತೊಳೆದುಕೊಳ್ಳಿ. ಗೆರೆ ಸರಿಹೋದ ಮೇಲಷ್ಟೇ ಅಂಟಿಸಿ. ಆಮೇಲೆ ಡೆಕ್ಕಿನ ಒಂದು ಅಂಚನ್ನು ಎರಡು ಸೆಂ.ಮೀ. ಒತ್ತಿ ಕೈ ಬಿಡಿ. ಚಟಕ್ಕನೆ ಎದ್ದು ನಿಂತರೆ ಸರಿ. ಸೋಮಾರಿಯಾಗಿ ಏಳುತ್ತಿದ್ದರೆ ಮೇಲೆ ಭಾರ ಜಾಸ್ತಿ ಇದೆ, ಕ್ಯಾಬಿನ್ ಹಗುರ ಮಾಡಬೇಕು. ಬ್ಯಾಟರಿ ಜಾರದಂತೆ ಪಟ್ಟಿ ಬಿಗಿಯಿರಿ.

ಎಲ್ಲಿ ಬಿಡುವುದು

ದಾವಣಗೆರೆಯಲ್ಲಿ ಮೊದಲು ನೆನಪಾಗುವುದು ಕುಂದವಾಡ ಕೆರೆ. ಆದರೆ ಅದು ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಗ್ರೀಸ್ ತುಂಬಿದ, ಸೀಸದ ಬ್ಯಾಟರಿ ಹೊತ್ತ ಹಡಗಿಗೆ ಅದು ಜಾಗವಲ್ಲ. ಚನ್ನಗಿರಿ ಕಡೆಯ ಸೂಳೆಕೆರೆ ತುಂಬಾ ದೊಡ್ಡದು. ಗಾಳಿ ಎದ್ದರೆ ಈ ಗಾತ್ರದ ಹಡಗಿಗೆ ಅಲೆ ಹೆಚ್ಚು, ಹಡಗು ನಿಂತುಹೋದರೆ ಕೈಗೆ ಸಿಗುವುದಿಲ್ಲ. ಹರಿಹರದ ಹೊಳೆಯಲ್ಲಿ ಸೆಳೆತ ಇದೆ. ಊರ ಹೊರಗಿನ ಸಣ್ಣ ಕೆರೆ, ಕಟ್ಟೆಗಳೇ ಒಳ್ಳೆಯವು. ಅಂತರಗಂಗೆ ಕಳೆ ಇಲ್ಲದ ಕಡೆ ನೋಡಿ, ಗ್ರಾಮ ಪಂಚಾಯಿತಿಯಲ್ಲಿ ಒಂದು ಮಾತು ಕೇಳಿ.

ಕೃಷಿ ಹೊಂಡ ನೋಡಲು ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಬಿದ್ದವರು ಈಜು ಬಂದರೂ ಹತ್ತಿ ಬರಲಾರರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. ಹಡಗು ಎಲ್ಲಿ ಕೆಟ್ಟು ನಿಂತರೂ ನೀರಿಗೆ ಇಳಿಯಬೇಡಿ. ಟೆನಿಸ್ ಚೆಂಡಿಗೆ ಉದ್ದನೆಯ ನೈಲಾನ್ ದಾರ ಕಟ್ಟಿಟ್ಟುಕೊಂಡು, ಹಡಗಿನ ಆಚೆ ಬದಿಗೆ ಎಸೆದು ಮೆಲ್ಲಗೆ ಎಳೆದುಕೊಳ್ಳಿ.

ಗಾಳಿ ಏಳುವ ಮುಂಚೆ, ಬೆಳಗ್ಗೆ ಬೇಗ ಹೋಗಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆಷಾಢದಲ್ಲಂತೂ ಹಡಗು ಮನೆಯಲ್ಲೇ ಇರಲಿ. ರಿಮೋಟ್ ಮೊದಲು ಆನ್ ಮಾಡಿ, ಆಮೇಲೆ ಹಡಗು. ಆರಿಸುವಾಗ ಹಡಗು ಮೊದಲು. ಬ್ಯಾಟರಿಯ ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ಹಡಗನ್ನು ನೀರಿನಿಂದ ಹೊರಗೆ ತೆಗೆಯಿರಿ.

ಮನೆಗೆ ಬಂದ ಮೇಲೆ ಮುಚ್ಚಳ ತೆಗೆದು, ತಗ್ಗಿನಲ್ಲಿ ನಿಂತ ನೀರನ್ನು ಸ್ಪಾಂಜಿನಿಂದ ಹೀರಿ, ರಾತ್ರಿಯಿಡೀ ತೆರೆದಿಡಿ. ನಳಿಕೆಯಿಂದ ಸ್ವಲ್ಪ ಹೊಸ ಗ್ರೀಸ್ ತಳ್ಳಿ. ಹೊರಬರುವ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ, ಬುಷ್ ಬದಲಿಸುವ ಹೊತ್ತು ಬಂದಿದೆ. ಸೀಸದ ಬ್ಯಾಟರಿಯನ್ನು ಅದೇ ದಿನ ಚಾರ್ಜಿಗೆ ಹಾಕಿ.